ಲಕ್ಕವಳ್ಳಿ ಹಿನ್ನೀರಲ್ಲಿ ಆನೆ ಎಣಿಸೋಕೆ ಹೋದಾಗ

ಹೋದ ದಿನ

2017ರ ಮೇ ತಿಂಗಳು. ಅದರ ಹಿಂದಿನ ಮಳೆಗಾಲ ಪೂರ್ತಿ ಕೈಕೊಟ್ಟಿತ್ತು, ಕೆರೆಕಟ್ಟೆ ಎಲ್ಲಾ ಒಣಗಿ ಬಿರುಕು ಬಿಟ್ಟಿದ್ವು, ಅಂಥಾ ಬಿಸಿಲಲ್ಲಿ ಹಾಸನದಿಂದ ಅರಸೀಕೆರೆ, ಅಲ್ಲಿಂದ ಕಡೂರು ಬೀರೂರು ದಾಟಿ ತರೀಕೆರೆ, ತರೀಕೆರೇಲಿ ಬಸ್ ಬದಲಾಯಿಸಿ ಲಕ್ಕವಳ್ಳಿ ಅಂತ ಹೊರಟೆ. ಫಾರೆಸ್ಟ್ ಡಿಪಾರ್ಟ್‌ಮೆಂಟಿನೋರು ಆನೆ ಗಣತಿಗೆ ವಾಲಂಟಿಯರ್ಸ್ ಕರೆದಿದ್ರು, ಅರ್ಜಿ ಹಾಕಿದ್ದೆ, ಭದ್ರಾ ಹುಲಿ ಸಂರಕ್ಷಿತ ಕಾಡು ಸಿಕ್ತು. ಸಿಗದೇ ಇದ್ರೂ ಬೇಜಾರೇನಿರ್ಲಿಲ್ಲ ಬಿಡಿ, ಆದ್ರೆ ಸಿಕ್ಕಿದ್ಮೇಲೆ ರಜಾ ಹಾಕಿ ಹೋಗದೇ ಇರೋಕಾಗ್ಲಿಲ್ಲ.

ನಮ್ಮನ್ನ ಇಳಿಸಿದ್ದು ಹಿನ್ನೀರಿನ ಅಂಚಲ್ಲಿರೋ ಒಂದು ಲಾಡ್ಜಲ್ಲಿ. ಲಾಡ್ಜ್ ಅಂದ್ರೆ ಸಿಟಿ ಲಾಡ್ಜ್ ಅನ್ಕೋಬೇಡಿ. ಹೆಂಚಿನ ಮನೆ, ಉದ್ದಕ್ಕೆ ಜಗಲಿ, ಹಿಂದೆ ಡಾರ್ಮಿಟರಿ ಥರ ಒಂದು ಹಾಲು, ಮುಂದೆ ಇಳಿಜಾರು, ಇಳಿಜಾರಿನ ಕೊನೆಗೆ ನೀರು. ಮಳೆಗಾಲದಲ್ಲಿ ಜಗಲಿ ಹತ್ರಾನೇ ನೀರು ಬರುತ್ತಂತೆ, ನಾವು ಹೋದಾಗ ನೀರು ಮುಟ್ಟೋಕೆ ಒಂದು ಫರ್ಲಾಂಗ್ ನಡೀಬೇಕಿತ್ತು, ಮಧ್ಯ ಎಲ್ಲಾ ಕೆಂಪು ಮಣ್ಣು, ಅದರಲ್ಲಿ ಯಾವಾಗ್ಲೋ ಮುಳುಗಿದ್ದ ಮರಗಳ ಬೋಳು ಬೊಡ್ಡೆ ಎದ್ದು ನಿಂತಿದ್ವು. ಭದ್ರಾ ಡ್ಯಾಂ ತುಂಬಿದ್ರೆ 186 ಅಡಿ. ಅರವತ್ತರ ದಶಕದಲ್ಲಿ ಡ್ಯಾಂ ಮುಗಿದಾಗ ಮುಳುಗಿದ ಕಾಡು ಅದು, ಇನ್ನೂ ಕೊಳೆತಿಲ್ಲ. ಫೋನ್ ಸಿಗ್ನಲ್ ಬರೋದು ಒಂದೇ ಒಂದು ಬಂಡೆ ಮೇಲೆ. ಅದಕ್ಕೆ ಅಲ್ಲಿಯೋರು ಟವರ್ ಕಲ್ಲು ಅಂತಾರೆ. ಸಂಜೆ ಆರಕ್ಕೆ ಅಲ್ಲಿ ಕ್ಯೂ.

ನಮ್ಮ ಬ್ಯಾಚಲ್ಲಿ ಅರಸೀಕೆರೆಯ ರಿಟೈರ್ಡ್ ಸೈನ್ಸ್ ಮೇಷ್ಟ್ರು, ಚಿಕ್ಕಮಗಳೂರಿನ ನರ್ಸ್ ಒಬ್ರು (ಎಲ್ರಿಗೂ ಅವರು ಸಿಸ್ಟರ್ರೇ, ಮೇಷ್ಟ್ರೂ ಸಿಸ್ಟರ್ ಅಂತಾನೇ ಕರೀತಿದ್ರು), ಕಡೂರಿಂದ ಬಂದ ಡಿಗ್ರಿ ಓದ್ತಿದ್ದ ಹುಡುಗ, ಬೆಂಗಳೂರಿನ ಇಬ್ರು ಸಾಫ್ಟ್‌ವೇರಿನೋರು, ಅವರ ಕ್ಯಾಮೆರಾ ಲೆನ್ಸ್ ನೋಡಿ ಕಡೂರ ಹುಡುಗ ಇದೇನ್ ಸಾರ್ ತೋಪಾ ಅಂದಿದ್ದಕ್ಕೆ ಮೊದಲ ದಿನ ಅವರು ಅವನ ಹತ್ರ ಮಾತೇ ಆಡ್ಲಿಲ್ಲ.

ಸಂಜೆ ಟ್ರೈನಿಂಗ್. ರೇಂಜರ್ ಸಾಹೇಬ್ರು ಬಂದು ಕೂತು ಫಾರ್ಮ್ ತುಂಬೋದು ಹೇಗೆ ಅಂತ ಹೇಳ್ಕೊಟ್ರು. ಒಂದಿನ ಬ್ಲಾಕಲ್ಲಿ ನಡೆದು ಕಣ್ಣಿಗೆ ಕಂಡಿದ್ದು ಎಣಿಸೋದು, ಒಂದಿನ ಲದ್ದಿ ಎಣಿಸೋದು, ಒಂದಿನ ನೀರಿರೋ ಜಾಗದಲ್ಲಿ ಕೂತು ನೋಡೋದು. ಪಕ್ಕದ ರಾಜ್ಯದೋರೂ ಅದೇ ದಿನಗಳಲ್ಲಿ ಎಣಿಸ್ತಾರೆ, ಇಲ್ಲಾಂದ್ರೆ ಇವತ್ತು ಬಂಡೀಪುರದಲ್ಲಿ ಎಣಿಸಿದ ಆನೆ ನಾಳೆ ಮುದುಮಲೇಲಿ ಇನ್ನೊಂದು ಲೆಕ್ಕಕ್ಕೆ ಸೇರ್ಕೊಳ್ಳುತ್ತಲ್ಲ. ದಂತ ಇರೋ ಗಂಡು, ದಂತ ಇಲ್ಲದ ಗಂಡು ಅಂದ್ರೆ ಮಖ್ನಾ, ಹೆಣ್ಣು, ಹರೆಯದ್ದು, ಮರಿ, ಎಲ್ಲಕ್ಕೂ ಬೇರೆ ಬೇರೆ ಕಾಲಂ. ಮುಂಗಾಲಿನ ಹೆಜ್ಜೆ ಸುತ್ತಳತೆ ತಗೊಂಡು ಎರಡರಿಂದ ಗುಣಿಸಿದ್ರೆ ಭುಜದವರೆಗಿನ ಎತ್ತರ ಸಿಗುತ್ತೆ ಅಂತ ಹೇಳಿದಾಗ ಮೇಷ್ಟ್ರು ಕಣ್ಣಲ್ಲಿ ಮಿಂಚು. ಎರಡು ಯಾಕೆ, ಎರಡೂಕಾಲು ಯಾಕಲ್ಲ ಅಂತ ಶುರು ಮಾಡಿದ್ರು. ಊಟಕ್ಕೆ ಲೇಟಾಗುತ್ತೆ ಅಂತ ಅಡುಗೆ ಅಕ್ಕ ಒಳಗಿಂದ ಪಾತ್ರೆ ಕುಟ್ಟೋ ತನಕ ನಿಲ್ಲಿಸ್ಲಿಲ್ಲ.

ಮಲಗೋ ಮುಂಚೆ ಸಿಸ್ಟರ್, ಉಣುಗು ಹತ್ರ ಬರದಂಗೆ ಹಚ್ಕೊಳ್ಳೋ ಡಿಎಂಪಿ ಎಣ್ಣೆ ಬಾಟ್ಲು ಹಿಡ್ಕೊಂಡು ಬಂದ್ರು. ಬೇಸಿಗೇಲಿ ಉಣುಗು ಜಾಸ್ತಿ, ಅದು ಕಚ್ಚಿ ಬರೋ ಮಂಗನ ಕಾಯಿಲೆ ಮಲೆನಾಡಲ್ಲಿ ಎಲ್ಲಿ ಯಾವಾಗ ಬರುತ್ತೋ ಗೊತ್ತಿಲ್ಲ, ಬೆಳಗ್ಗೆ ಹೊರಡೋ ಮುಂಚೆ ಕೈಕಾಲಿಗೆಲ್ಲಾ ಹಚ್ಕೊಂಡೇ ಹೋಗ್ಬೇಕು ಅಂತ ಆರ್ಡರ್. ಬೆಂಗಳೂರಿನೋರು ನಮಗೆ ಬೇಡ ಅಂದ್ರು, ಸಿಸ್ಟರ್ ಒಂದು ನೋಟ ಬಿಟ್ರು, ಹಚ್ಕೊಂಡ್ರು.

ಬ್ಲಾಕ್ ದಿನ

ನನಗೂ ಕಡೂರ ಹುಡುಗನಿಗೂ ಜೊತೆಯಾಗಿ ಸಿಕ್ಕಿದ್ದು ಒಬ್ಬ ವಾಚರ್ ಅಣ್ಣ. ಐವತ್ತರ ಆಸುಪಾಸು, ಸಣ್ಣ ಆಳು, ಕಾಲಿಗೆ ರಬ್ಬರ್ ಚಪ್ಪಲಿ, ಹೆಗಲಿಗೆ ಒಂದು ಚೀಲ, ಅದರಲ್ಲಿ ಮಚ್ಚು ಮತ್ತೆ ಎಲೆಅಡಿಕೆ. ಬೆಳಗ್ಗೆ ಬೆಲ್ಲದ ಕಾಫಿ ಕುಡಿದು ಹೊರಟಾಗ ಇನ್ನೂ ಮಬ್ಬು ಕತ್ತಲು. ಅವರು ಹೇಳಿದ ರೂಲ್ಸು ಎರಡೇ: ಸೆಂಟ್ ಹಾಕ್ಕೊಂಡಿದ್ರೆ ವಾಪಸ್ ಹೋಗಿ ತೊಳ್ಕೊಂಡು ಬನ್ನಿ, ನಾನು ಓಡಿ ಅಂದ್ರೆ ಹಿಂದೆ ತಿರುಗಿ ನೋಡ್ದೆ ಓಡಿ.

ಭದ್ರಾ ಕಾಡು ನಮ್ಮ ಸಕಲೇಶಪುರದ ಕಡೆ ಕಾಡಿನ ಥರ ಅಲ್ಲ. ನಮ್ಮದು ಹಸಿರು ಮುಚ್ಕೊಂಡಿರೋದು, ಇಲ್ಲಿ ಲಕ್ಕವಳ್ಳಿ ಕಡೆ ಬೇಸಿಗೇಲಿ ಎಲೆ ಉದುರಿ ಬಿಸಿಲು ನೆಲಕ್ಕೇ ಬಡಿಯುತ್ತೆ. ತೇಗ, ಮತ್ತಿ, ಹೊನ್ನೆ, ನಂದಿ, ಮಧ್ಯ ಮಧ್ಯ ಬಿದಿರು ಹಿಂಡಲು. ಒಣ ಎಲೆ ಮೇಲೆ ನಾನು ಕಾಲಿಟ್ರೆ ಹಪ್ಪಳ ಮುರಿದಂಗೆ ಸೌಂಡು, ಅಣ್ಣ ಕಾಲಿಟ್ರೆ ಏನೂ ಇಲ್ಲ, ಹೇಗೆ ಅಂತ ಕೇಳಿದ್ದಕ್ಕೆ ಹಿಮ್ಮಡಿ ಮೊದಲು ಇಡ್ಬೇಡಿ ಸಾರ್ ಅಂದ್ರು ಅಷ್ಟೇ. ಕೆಂಜಳಿಲು ಮೇಲಿಂದ ಬೈತಿತ್ತು. ಕಾಟಿ (ಕಾಡುಕೋಣ) ಹಿಂಡೊಂದು ನಮ್ಮನ್ನ ನೋಡಿ ಬುಸ್ ಅಂತ ಉಸಿರು ಬಿಟ್ಟು ಪಕ್ಕಕ್ಕೆ ಸರೀತು. ಫಾರ್ಮಲ್ಲಿ ಕಾಟಿಗೆ ಕಾಲಂ ಇರ್ಲಿಲ್ಲ, ಹುಡುಗ ಪಾಪ ಹಿಂದಿನ ಪೇಜಲ್ಲಿ ಬರ್ಕೊಂಡ.

ಹತ್ತು ಗಂಟೆ ಆದ್ರೂ ಆನೆ ಇಲ್ಲ. ಹುಡುಗ ಸೊನ್ನೆ ಬರೀಲಾ ಅಂತ ಕೇಳ್ತಿದ್ದ. ಅಷ್ಟರಲ್ಲಿ ದೂರದಲ್ಲಿ ಬಿದಿರು ಮುರಿಯೋ ಶಬ್ದ. ಅಣ್ಣ ಒಂದು ಹಿಡಿ ಒಣ ಮಣ್ಣು ತಗೊಂಡು ಗಾಳೀಲಿ ಬಿಟ್ಟು ಧೂಳು ಯಾವ ಕಡೆ ಹೋಗುತ್ತೆ ಅಂತ ನೋಡಿ ನಮ್ಮನ್ನ ಸುತ್ತು ಬಳಸಿ ಒಂದು ದಿಬ್ಬ ಹತ್ತಿಸಿದ್ರು. ಕೆಳಗೆ ಬಯಲು, ಹುಲ್ಲು, ಒಂದೆರಡು ಹಳೇ ಮಾವಿನ ಮರ, ಒಂದು ಕುಸಿದ ಬಾವಿ. ಆ ಬಯಲಲ್ಲಿ ಆನೆಗಳು.

ಎಣಿಸೋದು ಇಷ್ಟು ಕಷ್ಟ ಅಂತ ನಂಗೊತ್ತಿರ್ಲಿಲ್ಲ. ನಾನು ಏಳು ಅಂದೆ, ಹುಡುಗ ಒಂಬತ್ತು ಅಂದ, ಅವು ಬಿದಿರ ಹಿಂದೆ ಹೋಗ್ತವೆ ಬರ್ತವೆ, ಒಂದರ ಹಿಂದೆ ಒಂದು ನಿಲ್ತವೆ, ಒಂದಕ್ಕೆ ಹಿಂಭಾಗ ಮಾತ್ರ ಕಾಣ್ತಿತ್ತು. ಅಣ್ಣ ಸುಮ್ನೆ ಕೂತು ಎಲೆಗೆ ಸುಣ್ಣ ಹಚ್ತಿದ್ರು. ಕೊನೆಗೆ ಕೇಳಿದ್ವಿ. ಎಂಟು, ಅದರಲ್ಲಿ ಮರಿ ಒಂದು ಆ ದೊಡ್ಡದರ ಹೊಟ್ಟೆ ಕೆಳಗೆ ಐತೆ, ಕಾಲು ಎಣಿಸಿ ಅಂದ್ರು. ಕಾಲು ಎಣಿಸಿದ್ವಿ. ಸಣ್ಣ ಕಾಲು ನಾಲ್ಕು, ಹೌದು.

ಬರೆದು ಮುಗಿಸಿದ್ಮೇಲೆ ಅಣ್ಣ ಆ ಬಾವಿ ತೋರಿಸಿ, ಅದು ನಮ್ಮ ಮನೆ ಬಾವಿ ಅಂದ್ರು. ನಮಗೆ ಮೊದಲು ಅರ್ಥ ಆಗ್ಲಿಲ್ಲ. ಆ ಬಯಲು ಗದ್ದೆ ಆಗಿತ್ತಂತೆ, ಅವರೂರಂತೆ. 2002ರ ಸುಮಾರಿಗೆ ಭದ್ರಾ ಕಾಡೊಳಗಿನ ಹಳ್ಳಿಗಳಿಂದ 400ಕ್ಕೂ ಹೆಚ್ಚು ಕುಟುಂಬಗಳನ್ನ ಹೊರಗೆ ಕರ್ಕೊಂಡು ಬಂದು ಎಂ.ಸಿ. ಹಳ್ಳಿ, ಕೆಳಗೂರು ಕಡೆ ಜಮೀನು ಕೊಟ್ರು, ಅದು ನಾನೂ ಪೇಪರಲ್ಲಿ ಓದಿದ್ದೆ, ದೇಶದಲ್ಲೇ ಚೆನ್ನಾಗಿ ಆದ ಪುನರ್ವಸತಿ ಅಂತ ಹೊಗಳೋದೂ ಕೇಳಿದ್ದೆ. ಅಣ್ಣನ್ನ ಕೇಳಿದೆ, ಬೇಜಾರಿಲ್ವಾ ಅಂತ. ಅವರು ಹೇಳಿದ್ದು ನೇರವಾಗಿತ್ತು: "ಅಲ್ಲಿದ್ದಾಗ ಹೆರಿಗೆ ಆದ್ರೆ ಕಂಬಳೀಲಿ ಹೊತ್ಕೊಂಡು ಹೋಗ್ತಿದ್ವಿ ಸಾರ್. ಭತ್ತ ಬೆಳೆದ್ರೆ ಅರ್ಧ ಇವುಕ್ಕೆ. ಈಗ ಮಗಳು ಬಸ್ಸಲ್ಲಿ ಕಾಲೇಜಿಗೆ ಹೋಗ್ತಾಳೆ. ಬೇಜಾರು ಅಂದ್ರೆ ಆ ಮಾವಿನ ಮರದ್ದು, ಉಪ್ಪಿನಕಾಯಿಗೆ ಅಂಥಾ ಮಿಡಿ ಎಲ್ಲೂ ಸಿಗಲ್ಲ." ಅಷ್ಟು ಹೇಳಿ ಎದ್ರು. ಅವರಪ್ಪ ಕಾಡಿಂದ ಬಂದ್ಮೇಲೆ ಎರಡು ವರ್ಷ ಸರಿಯಾಗಿ ಊಟಾನೇ ಮಾಡ್ಲಿಲ್ಲ ಅಂತ ರಾತ್ರಿ ಬೇರೆ ವಾಚರ್ ಒಬ್ರು ಹೇಳಿದ್ರು. ಅಣ್ಣ ಅದನ್ನ ಹೇಳ್ಲಿಲ್ಲ.

ಲದ್ದಿ ದಿನ

ಇದು ಮೇಷ್ಟ್ರ ದಿನ. ನೇರ ಗೆರೆ ಮೇಲೆ ಎರಡು ಕಿಲೋಮೀಟರ್ ನಡೀಬೇಕು, ಎರಡೂ ಕಡೆ ಕಾಣೋ ಪ್ರತಿ ಲದ್ದಿ ಗುಡ್ಡೆಗೂ ಗೆರೆಯಿಂದ ಲಂಬವಾಗಿ ಎಷ್ಟು ದೂರ ಅಂತ ಟೇಪ್ ಹಿಡೀಬೇಕು. ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತೆ ಅನ್ನೋದು ಲೆಕ್ಕದ ಒಂದು ಕಡೆ, ಲದ್ದಿ ಎಷ್ಟು ದಿನದಲ್ಲಿ ಮಣ್ಣಾಗುತ್ತೆ ಅನ್ನೋದು ಇನ್ನೊಂದು ಕಡೆ, ಎರಡೂ ಗೊತ್ತಿದ್ರೆ ಗುಡ್ಡೆಯಿಂದ ಆನೆಗೆ ಲೆಕ್ಕ ಹಿಂದಕ್ಕೆ ಹೋಗುತ್ತೆ. ಕಣ್ಣಿಗೆ ಕಾಣದೇ ಇರೋ ಆನೇನೂ ಎಣಿಸೋಕೆ ಇದೇ ದಾರಿ, ದಟ್ಟ ಕಾಡಲ್ಲಿ ಇಪ್ಪತ್ತಡಿ ದೂರದಲ್ಲಿ ನಿಂತ ಆನೇನೂ ಕಾಣಲ್ಲ.

ಮೇಷ್ಟ್ರು ಟೇಪಿನ ಒಂದು ತುದಿ, ನಾನು ಒಂದು ತುದಿ. ಅವರಿಗೆ ಅರವತ್ತೈದು ದಾಟಿದೆ, ಮಂಡಿನೋವು ಬೇರೆ, ಆದ್ರೂ ಪ್ರತಿ ಗುಡ್ಡೆ ಹತ್ರ ಕುಕ್ಕರಗಾಲಲ್ಲಿ ಕೂತು ಕಡ್ಡೀಲಿ ಬಿಡಿಸಿ ನೋಡೋರು. ಬಿದಿರಿನ ನಾರು, ತೊಗಟೆ, ಯಾವುದೋ ಕಾಯಿ ಬೀಜ, ಕೆಳಗೆ ಸಗಣಿ ಹುಳ. ನಮ್ಮೂರ ಕಡೆ ಲದ್ದೀಲಿ ಹಲಸಿನ ಬೀಜ, ಬಾಳೆ ನಾರು, ಒಂದೊಂದ್ಸಲ ಕಾಫಿ ಬೀಜಾನೂ ಇರುತ್ತೆ ಅಂದೆ. ಮೇಷ್ಟ್ರು ಕಡ್ಡಿ ಅಲ್ಲೇ ಬಿಟ್ಟು ಎದ್ದು ನಿಂತು, ನೀವು ಆಲೂರೋರಾ ಅಂದ್ರು.

ಅವತ್ತು ರಾತ್ರಿ ಜಗಲೀಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡು ಕೂತಾಗ ಅದೇ ಮಾತು. ಎಲ್ರೂ ಕೇಳ್ತಾರೆ, ನಿಮ್ಮ ಕಡೆ ಹೇಗೆ ಅಂತ. ಹೇಗೆ ಅಂದ್ರೆ, ನಮ್ಮಲ್ಲಿ ಬೆಳಗ್ಗೆ ಎದ್ದು ವಾಟ್ಸಾಪ್ ನೋಡೋದು ಗುಡ್ ಮಾರ್ನಿಂಗ್ ಮೆಸೇಜಿಗಲ್ಲ, ಆನೆ ಯಾವ ಎಸ್ಟೇಟಲ್ಲಿದೆ ಅಂತ ನೋಡಿ ಕೆಲಸದೋರನ್ನ ಆ ಕಡೆ ಕಳ್ಸೋದಾ ಬೇಡ್ವಾ ಅಂತ ತೀರ್ಮಾನ ಮಾಡೋಕೆ. ಹೇಮಾವತಿ ಡ್ಯಾಂ ಬಂದು ಕಾಡು ಮುಳುಗಿದ್ದೇ ಕಾರಣ ಅಂತ ಹಳಬರು ಹೇಳ್ತಾರೆ. ಹೈಕೋರ್ಟ್ ಹೇಳಿ ರಚಿಸಿದ ಆನೆ ಟಾಸ್ಕ್ ಫೋರ್ಸ್ 2012ರಲ್ಲಿ ವರದಿ ಕೊಡ್ತು, ಆಲೂರು ಸಕಲೇಶಪುರ ಕಡೆ ಆನೆ ಹಿಡಿದು ಬೇರೆ ಕಡೆ ಸಾಗಿಸಿ ಅಂತ, ಅದಾದ್ಮೇಲೆ ಇಪ್ಪತ್ತರ ಮೇಲೆ ಆನೆ ಹಿಡಿದ್ರು. ಹಿಡಿದ ಜಾಗಕ್ಕೆ ಬೇರೆ ಬಂದ್ವು. ನಮ್ಮಪ್ಪ ನಾನು ಗಣತಿಗೆ ಹೊರಟಾಗ ಹೇಳಿದ್ದು, ಎಣಿಸ್ಬೇಕು ಅಂದ್ರೆ ಅಷ್ಟು ದೂರ ಯಾಕೋ, ಗದ್ದೆ ಬದೀಲಿ ಕೂತ್ಕೊ ಅವೇ ಬರ್ತವೆ ಅಂತ. ಎಲ್ರೂ ನಕ್ಕರು, ಬೆಂಗಳೂರಿನೋರು ಸ್ವಲ್ಪ ಜಾಸ್ತಿನೇ ನಕ್ಕರು. ಆಮೇಲೆ ನಮ್ಮ ಪಕ್ಕದ ತೋಟದಲ್ಲಿ ಮೆಣಸು ಕೊಯ್ಯೋಕೆ ಬಂದ ಹೆಂಗಸು ಹೇಗೆ ಹೋದ್ಲು ಅಂತ ಹೇಳಿದೆ. ಯಾರೂ ಮಾತಾಡ್ಲಿಲ್ಲ.

ಸಿಸ್ಟರ್ ಮಾತ್ರ ಕೇಳಿದ್ರು, ಹಾಗಾದ್ರೆ ಇಲ್ಲಿಗೆ ಯಾಕೆ ಬಂದ್ರಿ. ನಂಗೆ ಬೇಕಿದ್ದಿದ್ದು ಅದೇ ಪ್ರಶ್ನೆ. ಆನೇನ ನಾನು ಯಾವತ್ತೂ ಟಾರ್ಚ್ ಬೆಳಕಲ್ಲಿ, ಪಟಾಕಿ ಸೌಂಡಲ್ಲಿ, ನಾನೂ ಹೆದರಿ ಅದೂ ಹೆದರಿ ಓಡೋ ಹೊತ್ತಲ್ಲಿ ಬಿಟ್ರೆ ನೋಡೇ ಇರ್ಲಿಲ್ಲ. ಅದು ತನ್ನ ಪಾಡಿಗೆ ಇದ್ದಾಗ ಏನ್ ಮಾಡುತ್ತೆ ಅಂತ ನೋಡ್ಬೇಕಿತ್ತು. ವಾಚರ್ ಅಣ್ಣ ಕತ್ತಲಲ್ಲಿ ಮೂಲೇಲಿ ಕೂತಿದ್ರು, ಆ ಹೊತ್ತಿಂದ ನನ್ನ ಸಾರ್ ಅನ್ನೋದು ಬಿಟ್ಟು ತಮ್ಮ ಅನ್ನೋಕೆ ಶುರು ಮಾಡಿದ್ರು.

ನೀರಿನ ದಿನ

ಬೆಳಗ್ಗೆ ಆರರಿಂದ ಸಂಜೆ ಆರು. ಹಿನ್ನೀರಿನ ಒಂದು ಕೊಲ್ಲಿ ಹತ್ರ ಮರದ ಮೇಲೆ ಅಟ್ಟಣಿಗೆ ಕಟ್ಟಿದ್ರು, ನಾನು, ಸಿಸ್ಟರ್, ಅಣ್ಣ ಮೂರು ಜನ. ಬುತ್ತಿಗೆ ಅಕ್ಕಿರೊಟ್ಟಿ, ಚಟ್ನಿಪುಡಿ, ಎರಡು ಕ್ಯಾನ್ ನೀರು. ಬೇಸಿಗೇಲಿ ನೀರು ಇಳಿದಂಗೆ ಆ ಕೆಸರಲ್ಲಿ ಎಳೇ ಹುಲ್ಲು ಚಿಗುರುತ್ತೆ, ಕಾಡೆಲ್ಲಾ ಒಣಗಿರೋವಾಗ ಹಸಿರು ಇರೋದು ಅಲ್ಲಿ ಮಾತ್ರ, ಅದಕ್ಕೇ ಜಿಂಕೆ, ಕಾಟಿ, ಆನೆ ಎಲ್ಲಾ ಅಲ್ಲಿಗೇ ಇಳಿಯೋದು.

ಆದ್ರೆ ಯಾವಾಗ? ಹನ್ನೊಂದಾಯ್ತು, ಹನ್ನೆರಡಾಯ್ತು. ಹಲಗೆ ಮೇಲೆ ಕೂತು ಕೂತು ಕಾಲು ಜೋಮು. ಮಾತಾಡೋ ಹಾಗಿಲ್ಲ, ಫೋನು ಸತ್ತಿದೆ, ನಿದ್ದೆ ಮಾಡಿದ್ರೆ ಸಿಸ್ಟರ್ ಮೊಣಕೈಲಿ ತಿವಿಯೋರು. ಒಂದು ನೀರುನಾಯಿ ಸಂಸಾರ ಬಂದು ಮೀನು ಹಿಡಿದು ಕಚ ಕಚ ಅಂತ ತಿಂದು, ಜಗಳ ಆಡಿ, ಮಣ್ಣಲ್ಲಿ ಉರುಳಾಡಿ ಹೋಯ್ತು, ಅದೊಂದು ಅರ್ಧ ಗಂಟೆ ಸಿನಿಮಾ. ಸಿಸ್ಟರ್ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದು ನಂಗೆ ಕೊಟ್ರು: ಐಸಿಯು ನೈಟ್ ಡ್ಯೂಟಿ ಇದಕ್ಕಿಂತ ಜೋರು ಗಲಾಟೆ. ನಾನು ಕೆಳಗೆ ಬರೆದೆ: ಇಲ್ಲಿ ಸಂಬಳ ಇಲ್ಲ. ಹೀಗೇ ಚೀಟಿ ಓಡಾಡಿ ಓಡಾಡಿ ಅವರ ಮನೆ ಕತೆ, ನಮ್ಮ ಮನೆ ಕತೆ ಎಲ್ಲಾ ಆ ಪೇಪರಲ್ಲೇ ಮುಗೀತು. ಆ ಪೇಪರ್ ಸಂಜೆ ರೇಂಜ್ ಆಫೀಸಿಗೆ ಕೊಡ್ಬೇಕಲ್ಲಾ ಅಂತ ನೆನಪಾಗಿದ್ದು ಆಮೇಲೆ, ಸಿಸ್ಟರ್ ಇನ್ನೊಂದು ಫಾರ್ಮಿಗೆ ನೀಟಾಗಿ ಕಾಪಿ ಮಾಡಿದ್ರು.

ನಾಲ್ಕರ ಮೇಲೆ ಬಂದ್ವು. ಮೊದಲು ಒಂದು ಹೆಣ್ಣು ಕಾಡಂಚಿಗೆ ಬಂದು ಸೊಂಡಿಲು ಎತ್ತಿ ಗಾಳಿ ನೋಡಿ ನಿಂತ್ಕೊಂಡು, ತುಂಬಾ ಹೊತ್ತು ನಿಂತು, ಆಮೇಲೆ ಹಿಂದಿನೋವು ಒಂದೊಂದೇ. ಮರಿಗಳು ಕೆಸರು ಕಂಡ ತಕ್ಷಣ ಓಡಿದ್ವು. ನೀರು ಕುಡಿದು, ಮಣ್ಣು ಎರಚ್ಕೊಂಡು, ಹುಲ್ಲು ಕಿತ್ತು ಬೇರಿನ ಮಣ್ಣು ಹೋಗೋ ಹಾಗೆ ಮುಂಗಾಲಿಗೆ ಬಡಿದು ಬಡಿದು ತಿಂತಿದ್ವು. ಅಷ್ಟು ದೊಡ್ಡ ಪ್ರಾಣಿ ಒಂದು ಹಿಡಿ ಹುಲ್ಲನ್ನ ಇಷ್ಟು ಕ್ಲೀನ್ ಮಾಡಿ ತಿನ್ನುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ನಮ್ಮ ತೋಟಕ್ಕೆ ಬಂದಾಗ ಬುಡಸಮೇತ ಕಿತ್ತು ಬಿಸಾಕಿ ಹೋಗೋದೇ ನೋಡಿರೋದು. ಸಿಸ್ಟರ್ ಕಾಲಂ ತುಂಬ್ತಾ ಇದ್ರು, ನಾನು ಹೇಳ್ತಾ ಹೋದೆ, ದೊಡ್ಡ ಹೆಣ್ಣು, ದೊಡ್ಡ ಹೆಣ್ಣು, ಮರಿ, ಹರೆಯದ ಗಂಡು.

ಅವೆಲ್ಲಾ ಹೋದ್ಮೇಲೆ ಒಂಟಿ ಸಲಗ. ಎಡಕಿವಿ ಹರಿದಿತ್ತು. ಅಣ್ಣ ಅದನ್ನ ನೋಡಿದ್ದೇ ನನ್ನ ಭುಜ ಒತ್ತಿ ಕೂರಿಸಿ ತಲೆ ಬಗ್ಗಿಸಿದ್ರು. ಅದು ನಮ್ಮ ಮರದ ಕೆಳಗೇ ಬಂತು, ಉಸಿರು ಕೇಳ್ತಿತ್ತು, ಕೆಸರಿನ ವಾಸನೆ, ಒಂದೈದು ನಿಮಿಷ ನಿಂತು ಮರಕ್ಕೆ ಮೈ ಉಜ್ತು, ಅಟ್ಟಣಿಗೆ ಅಲ್ಲಾಡ್ತು, ಸಿಸ್ಟರ್ ನನ್ನ ಕೈ ಹಿಡಿದಿದ್ದ ಗುರುತು ರಾತ್ರಿವರೆಗೂ ಇತ್ತು. ಅದು ಹೋದ್ಮೇಲೆ ಅಣ್ಣ ಹೇಳಿದ್ದು, ಈ ಕಿವಿಹರ್ಕ ಯಾರಿಗೂ ಏನೂ ಮಾಡಲ್ಲ ತಮ್ಮ, ಆದ್ರೆ ಅದಕ್ಕೆ ಅದು ಗೊತ್ತಿರ್ಬೇಕಲ್ಲ.

ದೋಣಿ ದಿನ

ಗಣತಿ ಮುಗೀತು, ಹೊರಡೋ ದಿನ ಬೆಳಗ್ಗೆ ಲಾಡ್ಜಿನ ಬೋಟಲ್ಲಿ ನಡುಗಡ್ಡೆ ಕಡೆ ಕರ್ಕೊಂಡು ಹೋದ್ರು. ನೀರು ಇಳಿದಾಗ ಏಳೋ ಬೋಳು ಮಣ್ಣಿನ ದಿಬ್ಬಗಳ ಮೇಲೆ ರೀವ (ಇಂಗ್ಲಿಷಲ್ಲಿ ರಿವರ್ ಟರ್ನ್) ಹಕ್ಕಿಗಳು ಮೊಟ್ಟೆ ಇಡ್ತವೆ, ಗೂಡು ಗೀಡು ಏನಿಲ್ಲ, ನೆಲದಲ್ಲಿ ಒಂದು ಸಣ್ಣ ತಗ್ಗು. ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲು ಬಾಲ. ಬಿಸಿಲು ಜಾಸ್ತಿ ಆದ್ರೆ ನೀರಿಗೆ ಹೊಟ್ಟೆ ಅದ್ದಿ ಬಂದು ಮೊಟ್ಟೆ ಮೇಲೆ ಕೂರ್ತವೆ, ತಂಪಾಗ್ಲಿ ಅಂತ. ಆ ವರ್ಷ ನೀರು ತೀರಾ ಕಡಿಮೆ, ಕೆಲವು ದಿಬ್ಬ ದಡಕ್ಕೇ ಸೇರ್ಕೊಂಡಿದ್ವು, ಅಂಥಾ ಕಡೆ ನಾಯಿ, ನರಿ ನಡ್ಕೊಂಡೇ ಹೋಗಿ ಮೊಟ್ಟೆ ತಿಂದು ಬರ್ತವೆ ಅಂತ ಬೋಟಿನ ಅಜ್ಜ ಹೇಳಿದ್ರು. ಹಾಗಂತ ಮಳೆ ಬೇಗ ಬಂದು ನೀರು ಏರಿದ್ರೆ ದಿಬ್ಬಾನೇ ಮುಳುಗುತ್ತೆ. ಬೆಂಗಳೂರಿನೋರು ದಿಬ್ಬಕ್ಕೆ ಇಳಿದು ಹತ್ರದಿಂದ ಫೋಟೋ ತಗೋಬೇಕು ಅಂದ್ರು, ಅಜ್ಜ ಎಂಜಿನ್ ಆಫ್ ಮಾಡಿ ಬೀಡಿ ಹಚ್ಕೊಂಡು ಕೂತ್ಬಿಟ್ರು. ಅವರು ಸುಮ್ಮನಾದ್ಮೇಲೆ ಸ್ಟಾರ್ಟ್ ಮಾಡಿದ್ರು.

ತರೀಕೆರೆ ಬಸ್ ಸ್ಟ್ಯಾಂಡಲ್ಲಿ ಮಸಾಲೆ ಮಂಡಕ್ಕಿ ತಿಂದು ಎಲ್ರೂ ನಂಬರ್ ಕೊಟ್ಕೊಂಡ್ವಿ. ಗ್ರೂಪಿಗೆ ಹೆಸರು ಇಟ್ಟಿದ್ದು ಕಡೂರ ಹುಡುಗ, ಲದ್ದಿ ಬಳಗ ಅಂತ. ಮೇಷ್ಟ್ರು ಗಂಭೀರವಾಗಿ ಆಕ್ಷೇಪಣೆ ಎತ್ತಿದ್ರು, ವೋಟಿಂಗ್ ಆಗಿ ಸೋತ್ರು.

ಆಮೇಲೆ

ರಿಸಲ್ಟ್ ಬಂತು, ಕರ್ನಾಟಕಕ್ಕೆ 6,049. ಇಡೀ ದೇಶಕ್ಕೆ 27,312. ದೇಶದಲ್ಲೇ ನಮ್ಮ ರಾಜ್ಯ ಫಸ್ಟ್ ಅಂತ ಪೇಪರಲ್ಲಿ ಬಂದಾಗ ಗ್ರೂಪಲ್ಲಿ ಎಲ್ಲಾ ಚಪ್ಪಾಳೆ ಹೊಡೆಯೋ ಎಮೋಜಿ. ನಾನು ಹಾಕ್ಲಿಲ್ಲ, ಅವತ್ತು ನಮ್ಮ ಗದ್ದೆ ಹಾಳಾಗಿತ್ತು. ಮೇಷ್ಟ್ರು ಒಬ್ರೇ ಫೋನ್ ಮಾಡಿ ವಿಚಾರಿಸಿದ್ರು. 2023ರಲ್ಲಿ ಮತ್ತೆ ಎಣಿಸಿದಾಗ 6,395 ಬಂತು, ಆಗ ಹುಡುಗ ಗ್ರೂಪಿಗೆ ಹಾಕಿದ್ದು, ಇದರಲ್ಲಿ ಹೊಟ್ಟೆ ಕೆಳಗಿನ ಮರಿ ಸೇರಿದೆಯಾ ಅಂತ.

ವಾಚರ್ ಅಣ್ಣ ಒಂದ್ಸಲ ಧರ್ಮಸ್ಥಳಕ್ಕೆ ಹೋಗೋವಾಗ ಮನೆಯೋರನ್ನ ಕರ್ಕೊಂಡು ನಮ್ಮನೆಗೆ ಬಂದಿದ್ರು. ಚೀಲದಲ್ಲಿ ಮಿಡಿ ಉಪ್ಪಿನಕಾಯಿ ಡಬ್ಬಿ. ಕಾಫಿ ಕುಡಿದು ತೋಟ ನೋಡೋಕೆ ಹೋದೋರು ದಾರೀಲಿ ಬಿದ್ದಿದ್ದ ಲದ್ದಿ ನೋಡಿ ಕಾಲಲ್ಲಿ ಒದ್ದು, ನಿನ್ನೆ ರಾತ್ರೀದು ಅಂದ್ರು. ಅಪ್ಪ ಹೂಂ ಅಂದ್ರು. ಹಲಸಿನ ಮರ ತೋರಿಸಿ, ಕಾಯಿ ಬಲಿಯೋ ಮುಂಚೆ ಇಳಿಸಿಬಿಡಿ ಯಜಮಾನ್ರೆ, ವಾಸನೆಗೆ ಬರೋದು ಅವು ಅಂದ್ರು. ಅಪ್ಪ, ಎಷ್ಟು ಮರ ಹತ್ಲಿ ನಾನು, ಆಳು ಸಿಗಲ್ಲ, ನಿಮ್ಮ ಡಿಪಾರ್ಟ್‌ಮೆಂಟಿಂದ ಕಳ್ಸಿ ಹತ್ತೋರನ್ನ ಅಂದ್ರು. ನಾನು ಖಾಲಿ ವಾಚರ್ ಯಜಮಾನ್ರೆ, ದಿನಗೂಲಿ ಅಂತ ಅಣ್ಣ ನಕ್ಕರು. ಕೊನೆಗೆ ಇಬ್ರೂ ಸೇರಿ ಮನೆ ಹಿಂದಿನ ಮರದ ಕಾಯಿ ಇಳಿಸಿದ್ರು, ಅಣ್ಣ ಮೇಲೆ, ಅಪ್ಪ ಕೆಳಗೆ ಹಗ್ಗ ಹಿಡ್ಕೊಂಡು, ತರೀಕೇರೇಲಿ ಅಡಿಕೆ ರೇಟ್ ಏನಿದೆ ಅಂತ ಮೇಲಕ್ಕೆ ಕೂಗಿ ಕೇಳ್ತಾ.